ಭಾವನ ಕಪ್ಪು ಡಬ್ಬ

ನಮ್ಮ ಭಾವನ ಬಗ್ಗೆ ಯಾರಾದರೂ ನನ್ನೆದುರು ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಹಾಗೆ ಮಾತಾಡುವ ಹಕ್ಕು ಇರುವುದು ಇಬ್ಬರಿಗೆ ಮಾತ್ರ. ಒಂದು, ಅವರನ್ನು ಕಟ್ಟಿಕೊಂಡ ನನ್ನ ಅಕ್ಕನಿಗೆ. ಇನ್ನೊಂದು, ಅವರ ಮನೆಯ ಮಹಡಿ ಕೋಣೆಯಲ್ಲಿ ಬಿಟ್ಟಿಯಾಗಿ ಇದ್ದುಕೊಂಡು ಬಿಟ್ಟಿಯಾಗಿ ಉಣ್ಣುವ ನನಗೆ. ಮಿಕ್ಕವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಅದರಲ್ಲೂ ಭಾವ ನಗರಸಭೆಯ ಅಧಿಕಾರಿಯ ಮುಖಕ್ಕೆ ಮಸಿ ಬಳಿದರಂತೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವವರು. ಬಳಿದದ್ದು ನಿಜ, ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆದರೆ ಅದು ಮಸಿಯಲ್ಲ, ಎಣ್ಣೆ. ಬಳಿದದ್ದು ಮುಖಕ್ಕಲ್ಲ, ಮೂಗಿಗೆ. ಒಬ್ಬ ಮರ್ಯಾದಸ್ಥನ ಬಗ್ಗೆ ಮಾತಾಡುವಾಗ ಇಷ್ಟಾದರೂ ಸರಿಯಾಗಿ ಹೇಳಬೇಡವೇ?

ಭಾವನದು ಕನ್ನಡಕದಂಗಡಿ. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಗಾಜಿನ ಕಪಾಟಿನಲ್ಲಿ ಸಾಲಾಗಿ ಫ್ರೇಮುಗಳು, ಮೇಜಿನ ಮೇಲೆ ಪುಟಾಣಿ ಸ್ಕ್ರೂಡ್ರೈವರು. ಬೆಳಗಿನಿಂದ ಸಂಜೆಯವರೆಗೆ ಜನರ ಮೂಗಿನ ಮೇಲೆ ಕನ್ನಡಕ ನೆಟ್ಟಗೆ ಕೂರಿಸುವುದೇ ಕೆಲಸ. ಈ ಕೆಲಸ ಅಂಗಡಿಯ ಬಾಗಿಲು ಹಾಕಿದ ಮೇಲೆ ನಿಲ್ಲಬೇಕಾಗಿತ್ತು, ನಿಲ್ಲುವುದಿಲ್ಲ. ಯಾರ ಕನ್ನಡಕವಾದರೂ ಸ್ವಲ್ಪ ವಾಲಿದ್ದು ಕಂಡರೆ ಅವರ ಕೈ ತಾನಾಗಿ ಏಳುತ್ತದೆ. "ಸ್ವಲ್ಪ ಮುಖ ಮುಂದೆ ತನ್ನಿ" ಎನ್ನುತ್ತಾರೆ, ಎದುರಿನವರು ಹೂಂ ಅನ್ನುವುದರೊಳಗೆ ಕೈ ಹಾಕಿಯೂ ಆಗಿರುತ್ತದೆ. ಒಮ್ಮೆ ಬಸ್ಸಿನಲ್ಲಿ ಹೀಗೆ ಮಾಡಲು ಹೋಗಿ ಒಬ್ಬ ಹೆಂಗಸಿನ ಕೈಚೀಲದಿಂದ ಬಾರಿಸಿಕೊಂಡರು. ಕೆನ್ನೆ ಸವರಿಕೊಳ್ಳುತ್ತಾ ಬಸ್ಸಿಳಿದು ನನಗೆ ಹೇಳಿದ್ದೇನು ಗೊತ್ತೇ? "ಪಾಪ, ಅವರಿಗೆ ಎಡಗಿವಿ ಸ್ವಲ್ಪ ಮೇಲಿದೆ ಕಣೋ. ಫ್ರೇಮಿನ ತಪ್ಪಲ್ಲ." ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಇಂಥ ಭಾವನಿಗೆ ಒಂದು ಹಳೇ ಕಾರು. ಅದರ ಎಂಜಿನ್ ಎಣ್ಣೆ ಬದಲಾಯಿಸುವ ಕಾಲ ಬಂದಾಗ ಬೀದಿ ಕೊನೆಯ ಮೆಕ್ಯಾನಿಕ್ ಹತ್ತಿರ ಹೋದರು. ಹೋದವರು ಸುಮ್ಮನಿರದೆ, ಎಣ್ಣೆ ಬದಲಾಯಿಸುವುದು ಹೇಗೆ ಎಂದು ತಾವು ಮೊಬೈಲಿನಲ್ಲಿ ನೋಡಿರುವುದಾಗಿ ಹೇಳಿದರು. ಮೆಕ್ಯಾನಿಕ್ ನಕ್ಕುಬಿಟ್ಟ.

"ಸಾರ್, ನೋಡೋದಕ್ಕೂ ಮಾಡೋದಕ್ಕೂ ವ್ಯತ್ಯಾಸ ಇದೆ. ನೀವು ಕನ್ನಡಕ ನೋಡ್ಕೊಳ್ಳಿ."

ಅಷ್ಟೇ ಸಾಕಾಯಿತು. ಭಾವ ಕಾರು ತಿರುಗಿಸಿಕೊಂಡು ಮನೆಗೆ ಬಂದರು. ಬರುವಾಗ ಹೊಸ ಎಣ್ಣೆಯ ಡಬ್ಬ, ಹೊಸ ಕೂಲೆಂಟು, ಒಂದು ಅಗಲವಾದ ತಟ್ಟೆ ಎಲ್ಲ ತಂದರು. ಎಣ್ಣೆ ಬದಲಾಯಿಸುವುದಷ್ಟೇ ಆಗಿದ್ದರೆ ಮೆಕ್ಯಾನಿಕ್ಕಿಗೆ ಅವಮಾನ ಸಾಕಾಗುವುದಿಲ್ಲವೆಂದು ಎಂಜಿನ್ ತಂಪು ಮಾಡುವ ಕೂಲೆಂಟನ್ನೂ ಬದಲಾಯಿಸುವುದೆಂದು ತೀರ್ಮಾನವಾಯಿತು.

ನಾನು ಸಹಾಯಕ್ಕೆ ನಿಂತೆ, ಅಂದರೆ ಕುರ್ಚಿ ಹಾಕಿಕೊಂಡು ಕೂತೆ. ಕಾರಿನ ಕೆಳಗೆ ಭಾವನ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಆ ಪಾದಗಳು ಒಮ್ಮೆ ಒದ್ದಾಡಿದವು, ಒಮ್ಮೆ ಪ್ರಾಣ ಬಿಟ್ಟಂತೆ ಸುಮ್ಮನಾದವು, ಆಮೇಲೆ ಒಳಗಿನಿಂದ "ಬಂತು! ಬಂತು!" ಎಂಬ ಸಂತೋಷದ ಕೂಗು ಕೇಳಿಸಿತು. ಹೊರಗೆ ಬಂದಾಗ ಭಾವನ ಹಣೆ, ಗಲ್ಲ, ಕಿವಿ ಎಲ್ಲ ಕಪ್ಪಾಗಿ ಕನ್ನಡಕದ ಹಿಂದಿನ ಎರಡು ಕಣ್ಣು ಮಾತ್ರ ಹೊಳೆಯುತ್ತಿದ್ದವು. ಆದರೆ ನೆಲದ ಮೇಲೆ ಒಂದು ಹನಿ ಎಣ್ಣೆ ಬಿದ್ದಿರಲಿಲ್ಲ. ಕಾರೂ ಹೊರಟಿತು. ನಿಜ ಹೇಳಬೇಕೆಂದರೆ ನಾನು ಹೊರಡಲಾರದು ಎಂದುಕೊಂಡಿದ್ದೆ.

ಕಷ್ಟ ಶುರುವಾದದ್ದು ಆಮೇಲೆ. ತಟ್ಟೆಯ ತುಂಬ ಕಪ್ಪೆಣ್ಣೆ, ಬಕೆಟ್ಟಿನಲ್ಲಿ ಹಸಿರು ಕೂಲೆಂಟು. ಇವನ್ನು ಏನು ಮಾಡುವುದೆಂದು ಆ ಮೊಬೈಲಿನವನು ಹೇಳಿಯೇ ಇರಲಿಲ್ಲ.

ಇಂಥ ಹೊತ್ತಿಗೆ ಸರಿಯಾಗಿ ಬರುವವರು ಮೂಲೆಮನೆ ಯಜಮಾನರು. ನೌಕರಿಯಿಂದ ನಿವೃತ್ತರಾದ ಮೇಲೆ ಅವರು ಮೂರು ಕೆಲಸ ಇಟ್ಟುಕೊಂಡಿದ್ದರು: ಬೆಳಿಗ್ಗೆ ಬೀದಿ ಕೆಳಗಿನ ಕೆರೆಯ ಬಾತುಕೋಳಿಗಳಿಗೆ ಕಾಳು ಹಾಕುವುದು, ಮಧ್ಯಾಹ್ನ ನಮ್ಮ ಬೀದಿ ಚರಂಡಿಯ ಮುರಿದ ಚಪ್ಪಡಿಯ ದೂರು ಹಿಡಿದು ನಗರಸಭೆಗೆ ಹೋಗುವುದು, ಉಳಿದ ಹೊತ್ತು ನಮಗೆಲ್ಲ ಬುದ್ಧಿ ಹೇಳುವುದು.

"ಇದಕ್ಕೇನು ಇಷ್ಟು ಯೋಚನೆ? ಚರಂಡಿಗೆ ಸುರಿದು ಒಂದು ಬಕೆಟ್ ನೀರು ಹೊಡೀರಿ. ಮುಗೀತು."

"ಆ ಚರಂಡಿ ಎಲ್ಲಿಗೆ ಹೋಗತ್ತೆ ಸಾರ್?" ಎಂದರು ಭಾವ.

"ಎಲ್ಲಿಗಾದ್ರೂ ಹೋಗ್ಲಿ. ನಿಮ್ಮನೆಗಂತೂ ವಾಪಸ್ ಬರಲ್ವಲ್ಲ!"

"ಕೆರೆಗೆ ಹೋಗತ್ತೆ. ನೀವು ಬಾತುಕೋಳಿಗೆ ಕಾಳು ಹಾಕೋ ಕೆರೆಗೆ."

ಯಜಮಾನರು ಸ್ವಲ್ಪ ಹೊತ್ತು ಕೆರೆಯ ದಿಕ್ಕಿಗೆ ನೋಡಿದರು. "ಹಾಗಾದ್ರೆ ಬೇಡ. ಗಿಡದ ಬುಡಕ್ಕೆ ಹಾಕಿ."

"ಯಾರ ಮನೆ ಗಿಡದ ಬುಡಕ್ಕೆ?"

"ನಿಮ್ಮನೇದಕ್ಕೇ. ನಮ್ಮನೇದಕ್ಕೆ ಯಾಕೆ?" ಎಂದು ಯಜಮಾನರು ಲಗುಬಗೆಯಿಂದ ಹೊರಟುಹೋದರು.

ಭಾವ ಎಣ್ಣೆಯನ್ನು ಹೊಸ ಎಣ್ಣೆ ಬಂದಿದ್ದ ಡಬ್ಬಕ್ಕೇ ತುಂಬಿ ಮುಚ್ಚಳ ಬಿಗಿದರು. ಅದು ಸರಿ. ಆದರೆ ಹೊಸ ಕೂಲೆಂಟಿನ ಡಬ್ಬದಲ್ಲಿ ಇನ್ನೂ ಅರ್ಧ ಕೂಲೆಂಟು ಉಳಿದಿತ್ತು, ಹಳೆಯದಕ್ಕೆ ಜಾಗ ಇರಲಿಲ್ಲ. ಇನ್ನೇನು ಮಾಡುವುದು? ನಮ್ಮಕ್ಕ ಖಾಲಿಯಾದ ಸೀಸೆ ಡಬ್ಬ ಯಾವುದನ್ನೂ ಎಸೆದವಳಲ್ಲ, ತೊಳೆದು ಒರೆಸಿ ಜೋಡಿಸಿಡುವವಳು. ಆ ಸಾಲಿನಿಂದ ಭಾವ ಒಂದು ಚೆಂದದ ಶರಬತ್ತಿನ ಸೀಸೆ ಆರಿಸಿಕೊಂಡರು. ಹಸಿರು ಕೂಲೆಂಟು ಅದರೊಳಗೆ ಎಷ್ಟು ಲಕ್ಷಣವಾಗಿ ಕಂಡಿತೆಂದರೆ ಅವರು ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಯಾರ ಕೈಗೂ ಸಿಗದ ಎತ್ತರದ ಜಾಗ ಬೇಕೆಂದು ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟರು.

ನನ್ನ ಕೈಗೆ ಸಿಕ್ಕಿತು. ನಾನು ಉದ್ದ ಇದ್ದೇನೆ.

ಮಾರನೆಯ ಮಧ್ಯಾಹ್ನ ಬಿಸಿಲಲ್ಲಿ ಬಂದಿದ್ದೆ, ಗಂಟಲು ಒಣಗಿತ್ತು. ಅಡುಗೆಮನೆಯಲ್ಲಿ ಅಕ್ಕ ಮೊಬೈಲನ್ನು ಡಬ್ಬಿಗೆ ಒರಗಿಸಿಟ್ಟು ಮಗಳ ಜೊತೆ ಮಾತಾಡುತ್ತಿದ್ದಳು. ಮೊಬೈಲಿನೊಳಗೆ ಅಕ್ಕನ ಮಗಳೂ ಕಂಕುಳಲ್ಲಿ ಅವಳ ಮಗ ಪುಟ್ಟನೂ ಇದ್ದರು. ಭಾವ ಅಕ್ಕನ ಹೆಗಲ ಮೇಲಿಂದ ಇಣುಕಿ ಪುಟ್ಟನಿಗೆ ವಿಚಿತ್ರ ಮುಖ ಮಾಡಿ ತೋರಿಸುತ್ತಿದ್ದರು. ನಾನು ಮೇಲಿನ ಹಲಗೆಯಿಂದ ಸೀಸೆ ತೆಗೆದು, ಲೋಟಕ್ಕೆ ಬಗ್ಗಿಸಿಕೊಂಡು, ನೀರು ಬೆರೆಸಿ, ಬಾಯಿಗೆ ತಂದೆ.

ಭಾವ ಹಾರಿದ ಹಾರುವಿಕೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಲೋಟ ಒಂದು ಕಡೆ, ನಾನು ಒಂದು ಕಡೆ, ಅವರ ಕನ್ನಡಕ ಇನ್ನೊಂದು ಕಡೆ.

"ಕುಡೀಬೇಡ್ವೋ! ಅದು ಕಾರಿಂದು!"

"ಕಾರಿಗೆ ಶರಬತ್ತು ಯಾಕೆ ಭಾವ?" ನಾನು ಬಿದ್ದಲ್ಲಿಂದಲೇ ಕೇಳಿದೆ.

"ಶರಬತ್ತಲ್ಲ, ಕೂಲೆಂಟು! ಸ್ವಲ್ಪ ಸಿಹಿಯಾಗಿರತ್ತಂತೆ, ಅದೇ ಅಪಾಯ. ಮಕ್ಕಳು, ನಾಯಿ, ಬೆಕ್ಕು ಎಲ್ಲ ಇಷ್ಟಪಟ್ಟು ಕುಡೀತಾವಂತೆ. ಆಮೇಲೆ ಮೂತ್ರಪಿಂಡ ಹೋಗಿಬಿಡತ್ತೆ. ನಾನು ಓದಿದ್ದೀನಿ!"

ತಾವು ಓದಿದ್ದನ್ನು ಹೇಳುವ ಹುಮ್ಮಸ್ಸಿನಲ್ಲಿ ಭಾವ ಮೊಬೈಲು ಮರೆತಿದ್ದರು. ಮೊಬೈಲು ಅವರನ್ನು ಮರೆತಿರಲಿಲ್ಲ.

"ಅಪ್ಪಾ," ಎಂದಿತು ಅದು, ಅಕ್ಕನ ಮಗಳ ದನಿಯಲ್ಲಿ. ಸಿಟ್ಟು ಬಂದಾಗ ಆ ಹುಡುಗಿ ದನಿ ಏರಿಸುವುದಿಲ್ಲ, ಇಳಿಸುತ್ತಾಳೆ. "ಸಿಹಿಯಾಗಿರೋ ವಿಷಾನ ಶರಬತ್ತಿನ ಸೀಸೇಲಿ ತುಂಬಿ ಅಡುಗೆಮನೇಲಿ ಇಟ್ಟಿದ್ದೀಯಾ?"

"ಎತ್ತರದಲ್ಲಿಟ್ಟಿದ್ದೆ ಮಗಳೇ..."

"ಮಾವನಂಥ ಮಾವನೇ ಕುಡಿಯೋಕೆ ಹೋದ್ರು. ಪುಟ್ಟ ಈಗ ಅಂಬೆಗಾಲಿಡ್ತಾನೆ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾನೆ. ಇನ್ನೇನೇನಿದೆ ಮನೇಲಿ?"

"ಏನಿಲ್ಲ, ಸ್ವಲ್ಪ ಕಪ್ಪೆಣ್ಣೆ..."

"ಅದೆಲ್ಲ ಮನೆಯಿಂದ ಆಚೆ ಹೋಗೋವರೆಗೂ ನಾವು ಬರಲ್ಲ. ಭಾನುವಾರದ ಬಸ್ಸು ಹತ್ತೋದೇ ಇಲ್ಲ."

ಮೊಬೈಲು ಕಪ್ಪಾಯಿತು. ಭಾವ ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತುಬಿಟ್ಟರು.

ಈ ಮಾತಿನ ಪೆಟ್ಟು ನಿಮಗೆ ಅರ್ಥವಾಗಬೇಕಾದರೆ ಒಂದು ವಿಷಯ ಹೇಳಬೇಕು. ನಮ್ಮ ಅಳಿಯನ ಕೆಲಸ ದೂರದ ಬಂದರಿನಲ್ಲಿ. ಪುಟ್ಟ ಹುಟ್ಟಿದ್ದೂ ಅಲ್ಲಿಯೇ. ಅಕ್ಕ ಹೋಗಿ ಬಾಣಂತನ ಮುಗಿಸಿ ಬಂದಳು. ಅಂಗಡಿ ನೋಡಿಕೊಳ್ಳುವವರಿಲ್ಲದೆ ಭಾವ ಹೋಗಲಾಗಿರಲಿಲ್ಲ. ಮೊಮ್ಮಗನನ್ನು ಅವರು ಈವರೆಗೆ ಎತ್ತಿಕೊಂಡದ್ದೇ ಇಲ್ಲ. ಮೊಬೈಲಿನ ಗಾಜನ್ನು ದಿನಾ ಒರೆಸಿ ಒರೆಸಿ ನೋಡುತ್ತಿದ್ದರು, ಅಷ್ಟೇ. ಭಾನುವಾರಕ್ಕಾಗಿ ಆಗಲೇ ಉಗುರು ಕತ್ತರಿಸಿಕೊಂಡು ಕಾಯುತ್ತಿದ್ದರು, ಮಗುವಿಗೆ ಪರಚಬಾರದೆಂದು.

"ನೋಡ್ರೀ," ಎಂದಳು ಅಕ್ಕ, "ಮನೇಲಿ ಒಂದೋ ಆ ಡಬ್ಬ ಇರ್ಬೇಕು, ಇಲ್ಲ ನನ್ನ ಮೊಮ್ಮಗ ಇರ್ಬೇಕು. ನಿಮ್ಮ ವಿಚಾರ ಆಮೇಲೆ ನೋಡೋಣ."

ಭಾವ ಎದ್ದರು. ಮಾಡಿದ ತಪ್ಪನ್ನು ಆ ಮನುಷ್ಯ ತಿದ್ದಿಕೊಳ್ಳುವ ರೀತಿ ನೋಡಬೇಕು, ಕಲಿಯಬೇಕು. ಮೊದಲು ನೆಲ, ಲೋಟ ಎಲ್ಲ ತಾವೇ ತೊಳೆದರು. ಕೂಲೆಂಟನ್ನು ದಪ್ಪ ಪ್ಲಾಸ್ಟಿಕ್ಕಿನ ಗಟ್ಟಿ ಮುಚ್ಚಳದ ಡಬ್ಬಕ್ಕೆ ವರ್ಗಾಯಿಸಿದರು. ಆ ಶರಬತ್ತಿನ ಸೀಸೆಯನ್ನು ಇನ್ನು ಯಾರೂ ಯಾವುದಕ್ಕೂ ಬಳಸಬಾರದೆಂದು ಅಕ್ಕನ ಕಣ್ಣೆದುರೇ ಒಡೆದು ಕಾಗದದಲ್ಲಿ ಸುತ್ತಿದರು. ಅಕ್ಕ ಉಳಿದ ಸೀಸೆಗಳನ್ನು ತನ್ನತ್ತ ಸರಿಸಿಕೊಂಡಳು. ಎರಡೂ ಡಬ್ಬವನ್ನು ಒಲೆಯಿಂದ, ಬಿಸಿಲಿನಿಂದ ದೂರ, ಹೊರಗಿನ ಕಾರಿನ ಶೆಡ್ಡಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ಅದಕ್ಕೂ ಮೊದಲು ಡಬ್ಬಗಳಿಗೆ ಚೀಟಿ ಅಂಟಿಸಿದರು.

ಭಾವನ ಕೈಯ ಚೀಟಿ ಎಂದರೆ ಹೇಗಿರುತ್ತದೆ? ಅಂಗಡಿಯ ಗೋಡೆಯ ಹಲಗೆಯ ಹಾಗೇ. ಮೊದಲ ಸಾಲಿನಲ್ಲಿ ಅಂಗೈ ಅಗಲದ ಅಕ್ಷರದಲ್ಲಿ "ವಿಷ". ಅದರ ಕೆಳಗೆ ಸ್ವಲ್ಪ ಚಿಕ್ಕದಾಗಿ "ಕುಡಿಯಬಾರದು". ಅದರ ಕೆಳಗೆ ಇನ್ನೂ ಚಿಕ್ಕದಾಗಿ "ಹಳೇ ಎಂಜಿನ್ ಎಣ್ಣೆ". ಅದರ ಕೆಳಗೆ "ಬೇರೆ ಯಾವುದನ್ನೂ ಇದಕ್ಕೆ ಬೆರೆಸಬಾರದು". ಹೀಗೆ ಇಳಿಯುತ್ತಾ ಇಳಿಯುತ್ತಾ ಕೊನೆಯ ಸಾಲು ಇರುವೆ ಸಾಲಿನಷ್ಟಾಗಿತ್ತು. ನನಗಂತೂ ಓದಲಾಗಲಿಲ್ಲ.

ಇನ್ನು ಡಬ್ಬ ಆಚೆ ಹೋಗಬೇಕು. ಎಲ್ಲಿಗೆ?

ಮೆಕ್ಯಾನಿಕ್ ಹತ್ತಿರ ಹೋದೆವು. "ಕೆಲಸ ನೀವು ಮಾಡ್ಕೊಂಡ್ರಿ, ಕೊಳೆ ನನಗ್ಯಾಕೆ ಸಾರ್?" ಎಂದ. ಹಾಗೆನ್ನುತ್ತಲೇ ಮನಸ್ಸು ಕರಗಿ, "ಸರಿ ಬಿಡಿ, ಹಿಂದುಗಡೆ ಸುರಿದು ಹೋಗಿ" ಎಂದ. ಭಾವ ಗ್ಯಾರೇಜಿನ ಹಿಂದೆ ಹೋಗಿ ನೋಡಿದರು. ನೆಲ ಕಪ್ಪಗೆ ಕಚ್ಚಿಕೊಂಡಿತ್ತು, ಹುಲ್ಲಿನ ಒಂದು ಎಸಳೂ ಇರಲಿಲ್ಲ. ಡಬ್ಬ ಎತ್ತಿಕೊಂಡು ವಾಪಸ್ ಬಂದರು. ಪೆಟ್ರೋಲ್ ಬಂಕಿನವನು "ನಾವು ಹಾಕೋರು ಸಾರ್, ತೆಗೆಯೋರಲ್ಲ" ಎಂದ. ಗುಜರಿಯವನು "ಡಬ್ಬ ಬೇಕು, ಒಳಗಿಂದು ಬೇಡ. ಮೋರಿಗೆ ಚೆಲ್ಲಿ ಖಾಲಿ ಡಬ್ಬ ತನ್ನಿ" ಎಂದ.

ನನಗೆ ಸಾಕಾಗಿತ್ತು. "ಭಾವ, ಯಾರಿಗೂ ಇಲ್ಲದ ಉಸಾಬರಿ ನಿಮಗೊಬ್ಬರಿಗೇ ಯಾಕೆ? ಒಂದು ಡಬ್ಬದಿಂದ ಕೆರೆ ಮುಳುಗಿಹೋಗತ್ತಾ?"

"ಒಂದು ಡಬ್ಬ ಸುರಿದ್ರೆ ಕೆರೆ ತುಂಬ ಪೊರೆ ಬರತ್ತೆ ಕಣೋ, ಕಣ್ಣಿಗೆ ಬರೋ ಹಾಗೆ," ಎಂದರು ಭಾವ. "ನನ್ನ ಮೊಮ್ಮಗ ಬಾಯಿಗೆ ಹಾಕ್ಕೋಬಾರದು ಅಂತ ಆಚೆ ತಗೊಂಡು ಹೋಗ್ತಿದ್ದೀನಿ. ಇನ್ನೊಬ್ಬರ ಮೊಮ್ಮಗ ಹಾಕ್ಕೊಳ್ಳೋ ಜಾಗದಲ್ಲಿ ಚೆಲ್ಲಿ ಬರೋದಾ?"

ನಾನು ಕೂಲೆಂಟಿನ ಡಬ್ಬ ಎತ್ತಿಕೊಂಡೆ. ಹೊರಟದ್ದು ನಗರಸಭೆಗೆ. ಅವತ್ತು ಶುಕ್ರವಾರ.

ಇಲ್ಲಿ ನಮ್ಮಿಬ್ಬರಿಗೂ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಆ ವಾರವಷ್ಟೇ ಪಕ್ಕದ ಊರಿನ ಕಚೇರಿಯಲ್ಲಿ ಯಾರೋ ಸಿಟ್ಟಿಗೆದ್ದವರು ಅಧಿಕಾರಿಯೊಬ್ಬರ ತಲೆಗೆ ಮಸಿ ಸುರಿದಿದ್ದರು. ನಮ್ಮೂರ ಕಚೇರಿಯವರೆಲ್ಲ ಅದನ್ನೇ ಮಾತಾಡಿಕೊಂಡು, ಬಿಳಿ ಅಂಗಿ ಹಾಕಿಕೊಂಡು ಬರುವುದೋ ಬೇಡವೋ ಎಂಬ ಚಿಂತೆಯಲ್ಲಿದ್ದರು. ಅಂಥ ಕಚೇರಿಯ ಮೆಟ್ಟಿಲನ್ನು ಭಾವ ಕಪ್ಪೆಣ್ಣೆಯ ಡಬ್ಬ ಹಿಡಿದು ಹತ್ತಿದರು. ದಾರಿಯಲ್ಲಿ ಮುಚ್ಚಳ ಸ್ವಲ್ಪ ಜಿನುಗಿ ಬಲಗೈ ಬೆರಳೆಲ್ಲ ಕಪ್ಪಾಗಿತ್ತು.

ಬಾಗಿಲಲ್ಲಿದ್ದ ಜವಾನ ಡಬ್ಬ ನೋಡಿದ, ಕೈ ನೋಡಿದ.

"ಏನ್ ಸಾರ್ ಇದು?"

"ಕಪ್ಪೆಣ್ಣೆ."

"ಯಾರಿಗೆ?"

"ಆರೋಗ್ಯಾಧಿಕಾರಿಗಳಿಗೆ ಅಂತ ತಂದೆ. ಅವರಿಲ್ಲದಿದ್ರೆ ಬೇರೆ ಯಾರಾದ್ರೂ ಆದೀತು. ನೀವಾದ್ರೂ ಸರಿ."

"ಅಯ್ಯೋ ಇಲ್ಲ ಸಾರ್, ಅವರೇ ಇದ್ದಾರೆ! ಒಳಗೇ ಇದ್ದಾರೆ! ಎಡಗಡೆ ಮೊದಲನೇ ಕೋಣೆ!" ಜವಾನ ಬಾಗಿಲನ್ನು ಪೂರ್ತಿ ತೆರೆದು ನಮಗೆ ದಾರಿ ಬಿಟ್ಟ. ಯಾವ ಕಚೇರಿಯಲ್ಲೂ ನನಗೆ ಇಂಥ ಸ್ವಾಗತ ಸಿಕ್ಕಿಲ್ಲ.

ಆರೋಗ್ಯಾಧಿಕಾರಿ ಮೇಜಿನ ಹಿಂದೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೂಗಿನ ಮೇಲೆ ಕನ್ನಡಕ ಬಲಕ್ಕೆ ವಾಲಿತ್ತು. ಅದನ್ನು ನೋಡಿದ ಕೂಡಲೇ ನಾನು ಭಾವನ ಬಲಗೈ ನೋಡಿದೆ.

ಭಾವ ಡಬ್ಬವನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ನೋಡಿ, ನಾನು ಈ ಊರಿಗೆ ಬಂದಿದ್ದೇ ಮೊನ್ನೆ ಮೊನ್ನೆ. ದಿನಾ ದೂರು ಬರ್ತಿರೋ ಆ ಚರಂಡಿ ಚಪ್ಪಡಿ ಮುರಿದಿರೋದು ಹಿಂದಿನವರ ಕಾಲದಲ್ಲಿ!"

"ಚರಂಡಿ ಮಾತು ಬಿಡಿ ಸಾರ್," ಎಂದರು ಭಾವ ವಿನಯದಿಂದ. "ಚರಂಡಿಗೆ ಸುರಿಯೋದಾಗಿದ್ರೆ ನಿಮ್ಮ ಹತ್ರ ಯಾಕೆ ಹೊತ್ಕೊಂಡು ಬರ್ತಿದ್ದೆ?"

ಅಧಿಕಾರಿ ಗೋಡೆಗೆ ಅಂಟಿಕೊಂಡರು. "ಯೋಚನೆ ಮಾಡಿ... ನನಗೂ ಹೆಂಡತಿ ಮಕ್ಕಳಿದ್ದಾರೆ..."

"ಅದಕ್ಕೇ ಸಾರ್ ಬಂದಿದ್ದು! ಮಕ್ಕಳು ಇರೋರಿಗೆ ತಾನೇ ಇದರ ಕಷ್ಟ ಅರ್ಥ ಆಗೋದು. ಇದಕ್ಕೊಂದು ಗತಿ ಕಾಣಿಸದೆ ಇವತ್ತು ನಾನು ಹೋಗಲ್ಲ."

ಇಷ್ಟು ಹೇಳಿದ ಭಾವನ ಕಣ್ಣು ಕನ್ನಡಕದ ಮೇಲೆ ನಿಂತಿತು. ನಾನು "ಭಾವ, ಬೇಡ" ಎಂದು ಅಂಗಿ ಹಿಡಿದೆಳೆದೆ. ಏನೂ ಪ್ರಯೋಜನವಾಗಲಿಲ್ಲ. ಅವರು ಮೇಜಿನ ಮೇಲಿಂದ ಬಗ್ಗಿ ಕರಿ ಬೆರಳಿನ ಕೈ ಚಾಚಿದರು.

"ಸ್ವಲ್ಪ ಮುಖ ಮುಂದೆ ತನ್ನಿ."

ಅಧಿಕಾರಿ ತರಲಿಲ್ಲ. ಭಾವನೇ ಮುಂದೆ ಹೋಗಿ ಕನ್ನಡಕ ಹಿಡಿದು, ಬಲಗಡೆ ಒಂದು ಎತ್ತು ಎತ್ತಿ, ಮೂಗಿನ ಮೇಲೆ ನೆಟ್ಟಗೆ ಕೂರಿಸಿ, "ಈಗ ನೋಡಿ" ಎಂದರು. ಅಧಿಕಾರಿ ಮೂಗು ಮುಟ್ಟಿ ನೋಡಿಕೊಂಡರು. ಬೆರಳು ಕಪ್ಪಾಯಿತು.

"ಬಳಿದ್ರು! ಬಳಿದ್ರು!" ಎಂದು ಕೂಗುತ್ತಾ ಅವರು ಮೇಜಿನ ಕೆಳಗೆ ಹೋದರು.

ಕಚೇರಿಯಲ್ಲಿ ಆಮೇಲೆ ನಡೆದದ್ದನ್ನು ವರ್ಣಿಸುವುದು ನನ್ನಂಥವನಿಂದ ಆಗದ ಕೆಲಸ. ಬಿಳಿ ಅಂಗಿಯವರೆಲ್ಲ ಕೋಣೆ ಸೇರಿ ಚಿಲಕ ಹಾಕಿಕೊಂಡರು. ಬಣ್ಣದ ಅಂಗಿಯವರು ಧೈರ್ಯವಾಗಿ ನೋಡಲು ಬಂದರು. ಒಬ್ಬ ಗುಮಾಸ್ತ ನನ್ನ ಕಿವಿಯಲ್ಲಿ, "ಒಳ್ಳೇ ಕೆಲಸ ಮಾಡಿದ್ರಿ. ಉಳಿದಿರೋದನ್ನ ಮೇಲಿನ ಮಹಡೀಲಿ ನಮ್ಮ ಮ್ಯಾನೇಜರಿಗೂ ಸ್ವಲ್ಪ..." ಎಂದು ಹೇಳಿ ಏನೂ ಹೇಳದವನಂತೆ ಹೋದ. ಅಷ್ಟರಲ್ಲಿ ಕಿಟಕಿಯ ಹೊರಗೆ ಪರಿಚಿತ ದನಿ ಕೇಳಿತು. ಚಪ್ಪಡಿಯ ದೂರು ವಿಚಾರಿಸಲು ಮೂಲೆಮನೆ ಯಜಮಾನರು ಅವತ್ತೂ ಬಂದಿದ್ದರು. ಒಳಗೆ ಇಣುಕಿದವರು ಮೇಜಿನ ಕೆಳಗಿದ್ದ ಅಧಿಕಾರಿಯ ಕಪ್ಪು ಮೂಗು ನೋಡಿದರು, ಭಾವನ ಕೈ ನೋಡಿದರು. ಅವರಿಗೆ ಮೈಯೆಲ್ಲ ಪುಳಕವಾಯಿತು.

"ನಮ್ಮ ಕನ್ನಡಕದ ಸಾಹೇಬ್ರಿಗೆ ಜಯವಾಗಲಿ! ಚರಂಡಿಗೆ ಚಪ್ಪಡಿ ಬೇಕೇ ಬೇಕು!"

ಹೊರಗೆ ನಿಂತಿದ್ದವರೆಲ್ಲ "ಬೇಕೇ ಬೇಕು" ಎಂದರು. ಏನು ಬೇಕು ಎಂದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಗಲಾಟೆ ಕೇಳಿ ಆಯುಕ್ತರು ಇಳಿದು ಬಂದರು. ಕೂದಲು ನರೆತ, ಗಟ್ಟಿ ನಡಿಗೆಯ ಹೆಂಗಸು, ಹೆದರುವ ಪೈಕಿಯಲ್ಲ. ಭಾವನೆದುರು ಕೈ ಕಟ್ಟಿ ನಿಂತರು.

"ಹೇಳಿ, ಏನು ನಿಮ್ಮ ಬೇಡಿಕೆ?"

ಭಾವ ಇಷ್ಟು ಹೊತ್ತಿನ ಗದ್ದಲದಲ್ಲಿ ಕಂಗಾಲಾಗಿದ್ದರು. ಏನು ಹೇಳಬೇಕೋ ತಿಳಿಯದೆ ಮನಸ್ಸಿನಲ್ಲಿದ್ದದ್ದನ್ನೇ ಹೇಳಿಬಿಟ್ಟರು.

"ಮೇಡಂ, ಭಾನುವಾರ ನನ್ನ ಮೊಮ್ಮಗ ಬರ್ತಾನೆ."

ಕಿಟಕಿಯ ಹೊರಗಿನ ಘೋಷಣೆ ನಿಂತಿತು.

"ಸಂತೋಷ," ಎಂದರು ಆಯುಕ್ತರು. "ಅದಕ್ಕೆ ನಮ್ಮ ಅಧಿಕಾರಿ ಮುಖಕ್ಕೆ ಯಾಕೆ ಬಳಿದ್ರಿ?"

"ಬಳೀಲಿಲ್ಲ ಮೇಡಂ, ಕನ್ನಡಕ ವಾಲಿತ್ತು. ಈ ಡಬ್ಬ ಮನೇಲಿ ಇದ್ರೆ ಮಗಳು ಮಗೂನ ಕರ್ಕೊಂಡು ಬರಲ್ಲ. ಅವನನ್ನ ನಾನು ಇನ್ನೂ ಎತ್ಕೊಂಡೇ ಇಲ್ಲ. ಚರಂಡಿಗೆ ಹಾಕಿದ್ರೆ ಕೆರೆಗೆ ಹೋಗತ್ತೆ. ಮೆಕ್ಯಾನಿಕ್ಕು ಬೇಡ ಅಂದ, ಬಂಕಿನವನು ಬೇಡ ಅಂದ, ಗುಜರಿಯವನೂ ಬೇಡ ಅಂದ. ಇದನ್ನ ನೀವು ತಗೋಬೇಕು. ನನಗೆ ಇನ್ನೇನೂ ಬೇಡ."

ಆಯುಕ್ತರು ನಂಬಲಿಲ್ಲ. ಯಾರು ನಂಬುತ್ತಾರೆ? ಅವರು ಡಬ್ಬದ ಚೀಟಿಯತ್ತ ಬಗ್ಗಿದರು. "ವಿಷ" ಎಂದು ಗಟ್ಟಿಯಾಗಿ ಓದಿದರು. "ಕುಡಿಯಬಾರದು." ಇನ್ನಷ್ಟು ಬಗ್ಗಿದರು. "ಹಳೇ ಎಂಜಿನ್ ಎಣ್ಣೆ. ಬೇರೆ ಯಾವುದನ್ನೂ ಇದಕ್ಕೆ ಬೆರೆಸಬಾರದು. ಮಕ್ಕಳಿಂದ ದೂರವಿಡಿ." ಕೊನೆಯ ಸಾಲಿಗೆ ಬಂದಾಗ ಕಣ್ಣು ಕಿರಿದು ಮಾಡಿದರು, ಡಬ್ಬವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಮತ್ತೆ ದೂರ ಹಿಡಿದರು. ಮೇಜಿನ ಕೆಳಗಿದ್ದ ಆರೋಗ್ಯಾಧಿಕಾರಿಯೂ ಕುತೂಹಲ ತಡೆಯಲಾರದೆ ತಲೆ ಹೊರಗೆ ಹಾಕಿದರು. ಅವರೇ ಓದಿದರು, ಯಾಕೆಂದರೆ ಅವರ ಕನ್ನಡಕ ಈಗ ನೆಟ್ಟಗಿತ್ತು.

"'ಇದನ್ನು ಓದಲು ಬಂದರೆ ನಿಮ್ಮ ಕಣ್ಣು ಚೆನ್ನಾಗಿದೆ.' ಮೇಡಂ, ಹಾಗಂತ ಬರೆದಿದ್ದಾರೆ."

ಆಯುಕ್ತರು ನಗಲು ಶುರುಮಾಡಿದವರು ಕುರ್ಚಿ ಹಿಡಿದು ಕೂತುಕೊಳ್ಳಬೇಕಾಯಿತು. ಮುಖಕ್ಕೆ ಮಸಿ ಬಳಿಯಲು ಬರುವವನು ಡಬ್ಬದ ಮೇಲೆ ಕಣ್ಣಿನ ಪರೀಕ್ಷೆ ಬರೆದುಕೊಂಡು ಬರುವುದಿಲ್ಲ ಎಂಬಷ್ಟು ಅವರಿಗೆ ಅರ್ಥವಾಗಿತ್ತು.

"ನಿಮಗೆ ಹತ್ತಿರದ ಕನ್ನಡಕ ಬೇಕಾಗಿದೆ ಮೇಡಂ," ಎಂದರು ಭಾವ ಕಳಕಳಿಯಿಂದ.

"ತಗೋತೀನಿ. ಮೊದಲು ಇದನ್ನ ಎಲ್ಲಿ ತಗೊಳ್ಳೋದು ಹೇಳಿ," ಎಂದು ಅವರು ಅಧಿಕಾರಿಯತ್ತ ತಿರುಗಿದರು.

"ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ ಮೇಡಂ," ಎಂದರು ಅಧಿಕಾರಿ ಮೂಗು ಒರೆಸಿಕೊಳ್ಳುತ್ತಾ.

"ಯಾಕಿಲ್ಲ?" ಬಾಗಿಲಿನಿಂದ ಒಂದು ದನಿ ಬಂತು. ಕಸದ ಲಾರಿಗಳ ಶೆಡ್ಡಿನ ಮೇಲ್ವಿಚಾರಕಿ ಗಲಾಟೆ ನೋಡಲೆಂದು ಬಂದು ನಿಂತಿದ್ದಳು. "ನಮ್ಮ ಲಾರಿಗಳ ಹಳೇ ಎಣ್ಣೆ ಏನ್ಮಾಡ್ತೀವಿ ಅಂದ್ಕೊಂಡಿದ್ದೀರಿ? ಈ ಕಟ್ಟಡದ ಹಿಂದೇನೇ ಪೀಪಾಯಿ ಇದೆ. ಶುದ್ಧಿ ಮಾಡೋ ಕಾರ್ಖಾನೆಯವರು ಬಂದು ತುಂಬ್ಕೊಂಡು ಹೋಗ್ತಾರೆ."

ಅಧಿಕಾರಿ ಕಟ್ಟಡದ ಹಿಂದಕ್ಕೆ ಈವರೆಗೆ ಹೋಗಿರಲಿಲ್ಲ. ಅವರ ಕಿಟಕಿ ಇದ್ದದ್ದು ಮುಂದುಗಡೆ.

ಮೆರವಣಿಗೆ ಹೊರಟಿತು. ಮುಂದೆ ಮೇಲ್ವಿಚಾರಕಿ, ಅವಳ ಹಿಂದೆ ಡಬ್ಬ ಹಿಡಿದ ಭಾವ ಮತ್ತು ನಾನು, ಆಮೇಲೆ ಆಯುಕ್ತರು, ಅಧಿಕಾರಿ, ಜವಾನ, ಎಲ್ಲರ ಹಿಂದೆ ಇನ್ನೂ ಚಪ್ಪಡಿ ಬೇಕು ಎನ್ನುತ್ತಿದ್ದ ಯಜಮಾನರು. ಪೀಪಾಯಿಯ ಮುಂದೆ ಮೇಲ್ವಿಚಾರಕಿ ತಿರುಗಿ ನಿಂತಳು.

"ಒಂದು ಮಾತು. ಇದಕ್ಕೆ ನೀರು, ಕೂಲೆಂಟು ಏನಾದ್ರೂ ಬೆರೆಸಿದ್ದೀರಾ? ಬೆರೆಸಿದ್ರೆ ಪೀಪಾಯಿ ಪೂರ್ತಿ ಕೆಡತ್ತೆ, ಕಾರ್ಖಾನೆಯವರು ಮುಟ್ಟಲ್ಲ. ಹಾಗಿದ್ರೆ ಮನೆಗೇ ವಾಪಸ್ ತಗೊಂಡು ಹೋಗಿ."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಎರಡನ್ನೂ ಒಂದೇ ಡಬ್ಬದಲ್ಲಿ ಸೇರಿಸಿಬಿಟ್ಟರೆ ಹೊರಲು ಸುಲಭ ಎಂದು ಮನೆ ಬಿಡುವಾಗ ಸಲಹೆ ಕೊಟ್ಟವನು ನಾನೇ. ಭಾವ ಕಿವಿಗೆ ಹಾಕಿಕೊಂಡಿರಲಿಲ್ಲ. ಅವರಿಗೆ ಈಗ ಸ್ವಲ್ಪ ಬೇಸರವೇ ಆಯಿತು.

"ಏನಮ್ಮಾ ಹಾಗಂತೀರಿ? ದೂರದ ಗಾಜು ಹತ್ತಿರದ ಗಾಜು ಒಂದೇ ಪೆಟ್ಟಿಗೇಲಿ ಹಾಕೋನಲ್ಲ ನಾನು. ಎಣ್ಣೆ ಇದರಲ್ಲಿ, ಕೂಲೆಂಟು ನಮ್ಮ ಭಾವಮೈದನ ಕೈಲಿ."

ಅವಳು ಮುಚ್ಚಳ ತೆಗೆದು ನೋಡಿದಳು, ಒಂದು ಕಡ್ಡಿಯಲ್ಲಿ ಅದ್ದಿ ನೋಡಿದಳು, ಆಮೇಲೆ ಎಣ್ಣೆಯನ್ನು ಪೀಪಾಯಿಗೆ ಸುರಿದಳು. ಕೂಲೆಂಟು ಪಕ್ಕದ ಬೇರೆ ಪೀಪಾಯಿಗೆ ಹೋಯಿತು. ಕೈ ಒರೆಸಿದ ಬಟ್ಟೆಯನ್ನೂ ಭಾವ ಒಂದು ಚೀಲದಲ್ಲಿ ಕಟ್ಟಿ ತಂದಿದ್ದರು. ಅದನ್ನೂ ತೆಗೆದುಕೊಂಡಳು.

"ಇಷ್ಟು ಅಚ್ಚುಕಟ್ಟಾಗಿ ತಂದುಕೊಟ್ಟೋರನ್ನ ನಾನು ನೋಡೇ ಇರಲಿಲ್ಲ," ಎಂದಳು. "ನಮ್ಮ ಡ್ರೈವರುಗಳಿಗೆ ಒಂದಿನ ಬಂದು ಹೇಳಿಕೊಡ್ತೀರಾ ಸಾರ್?"

ಭಾವ ನಾಚಿಕೊಂಡು ಡಬ್ಬದ ಮು‍ಚ್ಚಳ ತಿರುಗಿಸಿದರು. ನನಗೆ ಮಾತ್ರ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಕಿತ್ತುಹೋಗುತ್ತದೋ ಎನಿಸಿತು. ನಮ್ಮ ಭಾವ ಸ್ವಾಮಿ, ನಮ್ಮ ಭಾವ!

ಶನಿವಾರ ಬೆಳಿಗ್ಗೆ ನಗರಸಭೆಯ ಲಾರಿ ಬಂದು ನಮ್ಮ ಬೀದಿಯ ಚರಂಡಿಗೆ ಹೊಸ ಚಪ್ಪಡಿ ಹಾಕಿ ಹೋಯಿತು. "ನೋಡಿದ್ರಾ, ಮೂಗಿಗೆ ಬಳಿದಿದ್ದಕ್ಕೇ ಇಷ್ಟು. ಮುಖಕ್ಕೆ ಬಳಿದಿದ್ರೆ ರಸ್ತೇನೇ ಆಗ್ತಿತ್ತು!" ಎಂದು ಯಜಮಾನರು ಮನೆಮನೆಗೂ ಹೇಳಿದರು. ಭಾವ "ನಾನು ಕನ್ನಡಕ ಸರಿಮಾಡಿದ್ದಷ್ಟೇ" ಎಂದು ಎಲ್ಲರಿಗೂ ಹೇಳಿದರು. ಒಬ್ಬರೂ ನಂಬಲಿಲ್ಲ. ಮಧ್ಯಾಹ್ನ ಮೆಕ್ಯಾನಿಕ್ ಬಂದ. ತಲೆ ಕೆರೆದುಕೊಳ್ಳುತ್ತಾ, "ಸಾರ್, ಆ ಪೀಪಾಯಿ ಎಲ್ಲಿದೆ ಅಂದ್ರಿ?" ಎಂದು ಕೇಳಿಕೊಂಡು, ಭಾವನ ಹತ್ತಿರ ಉಳಿದಿದ್ದ ಅರ್ಧ ಡಬ್ಬ ಹೊಸ ಕೂಲೆಂಟನ್ನೂ ಎತ್ತಿಕೊಂಡು ಹೋದ. ಸಂಜೆ ಆರೋಗ್ಯಾಧಿಕಾರಿಯೇ ಅಂಗಡಿಗೆ ಬಂದರು. ಕನ್ನಡಕ ಇನ್ನೊಂದು ಬದಿಗೆ ವಾಲಿತ್ತಂತೆ. ಬಾಗಿಲಲ್ಲೇ ನಿಂತು, "ಮೊದಲು ಕೈ ತೋರಿಸಿ" ಎಂದರು.

ಭಾನುವಾರ ಅಕ್ಕನ ಮಗಳು ಬಸ್ಸಿಳಿದು ಮನೆಗೆ ಬಂದಳು. ಬಂದವಳು ಮಗುವನ್ನು ಕೆಳಗಿಳಿಸಲಿಲ್ಲ. ಕಂಕುಳಲ್ಲಿಟ್ಟುಕೊಂಡೇ ಅಡುಗೆಮನೆಯ ಮೇಲಿನ ಹಲಗೆ ನೋಡಿದಳು, ಸೀಸೆಗಳನ್ನೆಲ್ಲ ಮೂಸಿದಳು, ಶೆಡ್ಡಿಗೆ ಹೋಗಿ ಕಬ್ಬಿಣದ ಪೆಟ್ಟಿಗೆ ತೆಗೆಸಿದಳು. ಖಾಲಿ. ಭಾವ ಅವಳ ಹಿಂದೆ ಹಿಂದೆ, ಕೈಯನ್ನು ಮತ್ತೆ ಮತ್ತೆ ಅಂಗಿಗೆ ಒರೆಸಿಕೊಳ್ಳುತ್ತಾ ಹೋಗುತ್ತಿದ್ದರು.

"ಎಲ್ಲಿ ಚೆಲ್ಲಿದೆ ಅಪ್ಪಾ?"

"ಚೆಲ್ಲಲಿಲ್ಲ ಮಗಳೇ. ತಲುಪಿಸಿ ಬಂದೆ."

ಅವಳು ಒಂದು ಗಳಿಗೆ ಅಪ್ಪನ ಮುಖ ನೋಡಿದಳು. ಕಣ್ಣು ಒದ್ದೆಯಾಯಿತು. ಮಗುವನ್ನು ಅವರ ಕೈಗೆ ಕೊಟ್ಟಳು.

ಭಾವ ಉಸಿರು ಹಿಡಿದುಕೊಂಡು ನಿಂತರು. ಪುಟ್ಟ ಇಷ್ಟು ದಿನ ಗಾಜಿನ ಒಳಗೆ ಕಂಡ ಆ ಮುಖವನ್ನು ಚೆನ್ನಾಗಿ ಪರಿಶೀಲಿಸಿದ. ಆಮೇಲೆ ಎರಡೂ ಕೈ ಚಾಚಿ ಕನ್ನಡಕ ಹಿಡಿದ, ಶಕ್ತಿ ಬಿಟ್ಟು ಎಳೆದ, ಒಂದು ಕಡ್ಡಿಯನ್ನು ಬಗ್ಗಿಸಿ ನೇರವಾಗಿ ಬಾಯಿಗೆ ಹಾಕಿಕೊಂಡ. ಸಾಕಷ್ಟು ಚೀಪಿ ತೃಪ್ತಿಯಾದ ಮೇಲೆ ಅವನೇ ಅದನ್ನು ಅಜ್ಜನ ಮುಖಕ್ಕೆ ಒತ್ತಿದ. ಒಂದು ಗಾಜು ಹುಬ್ಬಿನ ಮೇಲೆ, ಇನ್ನೊಂದು ಗಾಜು ಕೆನ್ನೆಯ ಮೇಲೆ ಕೂತಿತು.

"ರೀ, ಸರಿಮಾಡ್ಕೊಳ್ರೀ, ನೋಡಕ್ಕಾಗಲ್ಲ," ಎಂದಳು ಅಕ್ಕ.

"ಇರ್ಲಿ ಬಿಡೇ," ಎಂದರು ಭಾವ.

ಮಗಳು ಮೊಮ್ಮಗ ಊರಿಗೆ ಹೋಗಿ ಎಷ್ಟೋ ದಿನವಾಯಿತು. ಈಗಲೂ ನೀವು ಅಂಗಡಿಗೆ ಹೋದರೆ ಭಾವ ಅದೇ ವಾಲಿದ ಕನ್ನಡಕದಲ್ಲಿ, ತಲೆಯನ್ನೂ ಅಷ್ಟೇ ವಾಲಿಸಿಕೊಂಡು, ನಿಮ್ಮ ಕನ್ನಡಕವನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ನೆಟ್ಟಗೆ ಕೂರಿಸಿ ಕೊಡುತ್ತಾರೆ. ಮೊನ್ನೆ ನನಗೇ ತಡೆಯಲಾಗದೆ, "ಸ್ವಲ್ಪ ಮುಖ ಮುಂದೆ ತನ್ನಿ ಭಾವ" ಎಂದು ಕೈ ಚಾಚಿದೆ. ಫಟ್ಟನೆ ಕೈ ಮೇಲೆ ಒಂದು ಏಟು ಬಿತ್ತು.

"ಮುಟ್ಟಿದ್ರೆ ನೋಡು," ಎಂದರು. "ಅದು ನನ್ನ ಮೊಮ್ಮಗ ಕೂರಿಸಿದ್ದು."